ಆ ಬಿಳಿ ಪಟ್ಟಿ ಬರೀ ಅಲಂಕಾರ ಅಲ್ಲ

ಢಾಕಾದ ಸಂಸತ್ ಭವನದ ಕಾಂಕ್ರೀಟ್ ಗೋಡೆಗಳ ಮೇಲೆ ಅಡ್ಡಡ್ಡ ಬಿಳಿ ಗೆರೆಗಳು ಯಾಕಿವೆ, ಸುಮ್ನೆ ಅಂದಕ್ಕಾ ಅಂತ ಕೇಳಿದ್ದೀರಲ್ಲ, ಅಲ್ಲ, ಅದಕ್ಕೆ ಕೆಲಸ ಇದೆ. ಅದು ಅಮೃತಶಿಲೆಯ ಪಟ್ಟಿ. ಅಲ್ಲಿ ಕಾಂಕ್ರೀಟನ್ನು ಕೈಯಿಂದಲೇ ಹೊತ್ತು ಸುರಿಯುತ್ತಿದ್ದರು, ಒಂದು ದಿನಕ್ಕೆ ಸುಮಾರು 5 ಅಡಿ ಎತ್ತರ ಆದರೆ ಆಯ್ತು. ಮರುದಿನ ಅದರ ಮೇಲೆ ಸುರಿದಾಗ ಎರಡೂ ಸೇರುವ ಜಾಗ ಒರಟಾಗಿ ಕಾಣುತ್ತೆ. ಅದನ್ನು ತೇಪೆ ಹಾಕಿ ಮುಚ್ಚಿಡುವ ಬದಲು ವಾಸ್ತುಶಿಲ್ಪಿ ಲೂಯಿ ಕಾನ್ ಅಲ್ಲಿಗೇ ಬಿಳಿ ಕಲ್ಲು ಕೂರಿಸಿದರು. ಮಳೆನೀರು ಗೋಡೆ ಪೂರ್ತಿ ಇಳಿದು ಕಲೆ ಮಾಡದಂತೆಯೂ ಅದು ತಡೆಯುತ್ತೆ. ನನಗಂತೂ ಇಡೀ ಕಟ್ಟಡದಲ್ಲಿ ಇದೇ ಜಾಸ್ತಿ ಇಷ್ಟ.

ಹೊರಗೋಡೆಯಲ್ಲಿರುವ ದೊಡ್ಡ ದೊಡ್ಡ ವೃತ್ತ, ತ್ರಿಕೋನದ ತೂತುಗಳೂ ಹಾಗೇ, ಅವಕ್ಕೂ ಕೆಲಸ ಇದೆ. ಹೊರಗೋಡೆ ಬಿಸಿಲು ಮಳೆ ತಡೆಯುತ್ತೆ, ಕೋಣೆಗಳು ಅದರ ಹಿಂದೆ ಇವೆ, ಹಾಗಾಗಿ ಬೆಳಕು ಸೋಸಿಕೊಂಡು ಒಳಗೆ ಬರುತ್ತೆ.

ಇತಿಹಾಸ ಚುಟುಕಾಗಿ ಹೇಳ್ತೀನಿ. 1960ರ ದಶಕದಲ್ಲಿ ಇದನ್ನು ಶುರುಮಾಡಿದ್ದು ಪಾಕಿಸ್ತಾನ ಸರ್ಕಾರ, ಢಾಕಾವನ್ನು ಎರಡನೇ ರಾಜಧಾನಿ ಮಾಡೋಕೆ. ಬಂಗಾಳದ ವಾಸ್ತುಶಿಲ್ಪಿ ಮಜರುಲ್ ಇಸ್ಲಾಂ ಈ ಕೆಲಸವನ್ನು ತಾವೇ ಇಟ್ಟುಕೊಳ್ಳದೆ ಹೊರಗಿನ ದೊಡ್ಡವರನ್ನು ಕರೆಸಿ ಅಂದರು, ಈಗ ಯಾರು ಹಾಗೆ ಮಾಡ್ತಾರೆ ಹೇಳಿ! 1971ರ ಯುದ್ಧದಲ್ಲಿ ಕೆಲಸ ನಿಂತಿತು. ಕಾನ್ 1974ರಲ್ಲಿ ತೀರಿಕೊಂಡರು, ಕಟ್ಟಡ ಮುಗಿದಿದ್ದು 1982ರಲ್ಲಿ. ಪಾಕಿಸ್ತಾನ ಶುರುಮಾಡಿದ್ದು ಕೊನೆಗೆ ಬಾಂಗ್ಲಾದೇಶದ ಸಂಸತ್ತಾಯಿತು.