ಹೊಸ ಬ್ಯಾಟರಿ ಹಾಕಿದರೂ ಕಾರು ಸ್ಟಾರ್ಟ್ ಆಗ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಮ್ಮದು ಎಂಟು ವರ್ಷ ಹಳೆಯ ಪೆಟ್ರೋಲ್ ಕಾರು. ದಿನಾ ಓಡಿಸಿದರೆ ಏನೂ ತೊಂದರೆ ಇಲ್ಲ. ಮೂರು ದಿನ ನಿಲ್ಲಿಸಿದರೆ ಮಾತ್ರ ಸೆಲ್ಫ್ ಹೊಡೆದಾಗ ಟಕ್ ಟಕ್ ಅಂತ ಸದ್ದು ಬಂದು ಸುಮ್ಮನಾಗುತ್ತದೆ. ಹೋದ ತಿಂಗಳು ಹೊಸ ಬ್ಯಾಟರಿ ಹಾಕಿಸಿದೆ. ಮತ್ತೆ ಅದೇ ಕಥೆ. ಈಗ ಆಲ್ಟರ್ನೇಟರ್ ಬದಲಾಯಿಸಿ ಅನ್ನುತ್ತಿದ್ದಾರೆ. ಮನೆಯಲ್ಲೇ ಏನಾದರೂ ನೋಡಬಹುದಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಆಲ್ಟರ್ನೇಟರ್‌ಗೆ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ) ಈಗಲೇ ದುಡ್ಡು ಸುರಿಯಬೇಡಿ. ದಿನಾ ಓಡಿಸಿದರೆ ಸರಿ, ನಿಲ್ಲಿಸಿದರೆ ಕೆಡುತ್ತದೆ ಅಂತ ನೀವೇ ಬರೆದಿದ್ದೀರಿ. ಅಂದರೆ ಚಾರ್ಜ್ ಆಗುತ್ತಿದೆ. ಕಾರು ನಿಂತಾಗ ಯಾವುದೋ ಒಂದು ಕರೆಂಟ್ ಕುಡಿಯುತ್ತಿದೆ. ಅದನ್ನು ಹುಡುಕಲು ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು.

ಮೊದಲು ವೋಲ್ಟೇಜ್ ನೋಡಿ. ಕಾರು ರಾತ್ರಿಯಿಡೀ ನಿಂತ ಮೇಲೆ ಬ್ಯಾಟರಿಯಲ್ಲಿ 12.6 ಇದ್ದರೆ ತುಂಬಿದೆ ಅಂತ. 12.2 ಇದ್ದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ ಮತ್ತೆ ಅಳೆಯಿರಿ. 13.8ರಿಂದ 14.5ರ ಆಸುಪಾಸು ಬಂದರೆ ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆ.

ಹಾಗೇ ಬ್ಯಾಟರಿಯ ಟರ್ಮಿನಲ್‌ಗಳನ್ನೂ (ವೈರ್ ಕೂರುವ ಎರಡು ಕಂಬಗಳು) ನೋಡಿ. ಬಿಳಿ ಅಥವಾ ಹಸಿರು ಪುಡಿ ಕಟ್ಟಿಕೊಂಡಿದ್ದರೆ, ಕೈಯಲ್ಲಿ ಅಲುಗಾಡಿದರೆ, ಎಷ್ಟು ಹೊಸ ಬ್ಯಾಟರಿ ಹಾಕಿದರೂ ಟಕ್ ಟಕ್ ತಪ್ಪಲ್ಲ. ಕ್ಲಾಂಪ್ ಬಿಚ್ಚಿ, ಬಿಸಿ ನೀರಿಗೆ ಅಡುಗೆ ಸೋಡಾ ಹಾಕಿ ಉಜ್ಜಿ, ಒಣಗಿಸಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಉಂಗುರ, ವಾಚು ತೆಗೆದಿಡಿ. ಸ್ಪ್ಯಾನರ್ ಪ್ಲಸ್‌ಗೂ ಬಾಡಿಗೂ ಒಟ್ಟಿಗೆ ತಾಗಿದರೆ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ, ಮರೆಯಬೇಡಿ.

ಈಗ ಕಳ್ಳನನ್ನು ಹಿಡಿಯುವ ಕೆಲಸ. ಕಾರು ಆಫ್ ಮಾಡಿ, ಕೀ ದೂರ ಇಡಿ. ಬಾನೆಟ್ ತೆರೆದಿಟ್ಟು ಬಾಗಿಲುಗಳನ್ನು ಮುಚ್ಚಿ. ಮೈನಸ್ ಕ್ಲಾಂಪ್ ಬಿಚ್ಚಿ. ಮೀಟರಿನ ಕೆಂಪು ವೈರನ್ನು 10 ಆಂಪ್ ತೂತಿಗೆ ಬದಲಾಯಿಸಿ, ಮೀಟರಿನ ಒಂದು ವೈರಿನ ತುದಿಯನ್ನು ಕ್ಲಾಂಪಿಗೆ, ಇನ್ನೊಂದು ವೈರಿನದನ್ನು ಬ್ಯಾಟರಿಯ ಮೈನಸ್‌ಗೆ ಹಿಡಿಸಿ. ಈ ಹೊತ್ತಲ್ಲಿ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಶುರುವಿನಲ್ಲಿ ಜಾಸ್ತಿ ತೋರಿಸಿದರೆ ಗಾಬರಿ ಬೇಡ. ಈಗಿನ ಕಾರುಗಳ ಕಂಪ್ಯೂಟರ್‌ಗಳು ನಿದ್ದೆಗೆ ಜಾರಲು ಕೆಲವೊಮ್ಮೆ ಅರ್ಧ ಗಂಟೆಯೇ ಬೇಕಾಗಬಹುದು. ಕಾಫಿ ಕುಡಿದು ಬನ್ನಿ. ಈ ತಾಳ್ಮೆ ಇಲ್ಲದೆ ತಪ್ಪು ಲೆಕ್ಕ ಹಾಕಿದವರೇ ಜಾಸ್ತಿ.

ಕೊನೆಗೆ 20ರಿಂದ 50 ಮಿಲಿಆಂಪ್‌ನಲ್ಲಿ ನಿಂತರೆ ಸಹಜ. ಗಡಿಯಾರ, ಅಲಾರಂ ಅಷ್ಟು ತಿನ್ನುತ್ತವೆ. 400 ಮಿಲಿಆಂಪ್ ಇದ್ದರೆ? ದಿನಕ್ಕೆ ಸುಮಾರು 10 ಆಂಪ್-ಅವರ್ ಹೋಯಿತು. ಸಣ್ಣ ಕಾರಿನ 35 ಆಂಪ್-ಅವರ್ ಬ್ಯಾಟರಿ ಮೂರು ದಿನಕ್ಕೆ ಮುಗಿಯಿತು. ನಿಮ್ಮ ಕಥೆಗೆ ಈ ಲೆಕ್ಕ ಸರಿಯಾಗಿ ಕೂರುತ್ತದೆ, ಅಲ್ವಾ?

ಈ 400 ಅನ್ನೋ ಸಂಖ್ಯೆ ನಾನು ಸುಮ್ನೆ ಹೇಳಿದ್ದಲ್ಲ. 5 ವ್ಯಾಟ್‌ನ ಒಂದು ಪುಟ್ಟ ಬಲ್ಬ್ ಅಷ್ಟು ಎಳೆಯುತ್ತದೆ. ನಮ್ಮ ಭಾವನ ಕಾರಿಗೆ ಎರಡು ಬ್ಯಾಟರಿ ಬದಲಾಯಿಸಿದ ಮೇಲೆ ಗೊತ್ತಾಯಿತು, ಡಿಕ್ಕಿಯ ದೀಪ ಮುಚ್ಚಿದ ಮೇಲೂ ಉರಿಯುತ್ತಿತ್ತು. ಸ್ವಿಚ್ ಸಿಕ್ಕಿಕೊಂಡಿತ್ತು. ಪತ್ತೆ ಮಾಡುವುದು ಬಹಳ ಸುಲಭ: ಫೋನಿನಲ್ಲಿ ವಿಡಿಯೊ ರೆಕಾರ್ಡಿಂಗ್ ಹಾಕಿ ಒಳಗಿಟ್ಟು, ಡಿಕ್ಕಿ ಮುಚ್ಚಿ, ತೆಗೆದು ನೋಡಿ. ಮೀಟರ್ ಹಿಡಿಯುವ ಮೊದಲೇ ಇದನ್ನು ಮಾಡಿಬಿಡಿ.

ದೀಪ ಅಲ್ಲವಾದರೆ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯಿರಿ. ಯಾವುದನ್ನು ತೆಗೆದಾಗ ಮೀಟರ್ ಸರ್ರನೆ ಇಳಿಯುತ್ತದೋ ಆ ಲೈನಿನಲ್ಲೇ ಕಳ್ಳ ಇದ್ದಾನೆ. ಫ್ಯೂಸ್ ಬಾಕ್ಸ್ ಮುಚ್ಚಳದ ಚಿತ್ರ ನೋಡಿದರೆ ಅದು ಯಾವ ಲೈನು ಅಂತ ತಿಳಿಯುತ್ತದೆ. ಬಾಗಿಲು ತೆರೆದು ಒಳಗಿನ ಬಾಕ್ಸ್ ನೋಡಬೇಕಾದರೆ ಬಾಗಿಲಿನ ಲಾಚನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಲಾಕ್ ಮಾಡಿ, ಆಗ ಕಾರಿಗೆ ಬಾಗಿಲು ಮುಚ್ಚಿದೆ ಅನ್ನಿಸುತ್ತದೆ. ಮುಗಿದ ಮೇಲೆ ಹ್ಯಾಂಡಲ್ ಎಳೆದು ಬಿಡಿಸಿಯೇ ಬಾಗಿಲು ಹಾಕಿ. ಹೊರಗೆ ಹಾಕಿಸಿದ ಸ್ಟೀರಿಯೊ, ಡ್ಯಾಶ್‌ಕ್ಯಾಮ್, ರಿವರ್ಸ್ ಕ್ಯಾಮೆರಾ ಇದ್ದರೆ ಮೊದಲ ಅನುಮಾನ ಅವುಗಳ ಮೇಲೇ ಇರಲಿ. ಎಷ್ಟೋ ಕಡೆ ಅವನ್ನು ಕೀ ಆಫ್ ಆದರೂ ಕರೆಂಟ್ ಬರುವ ಲೈನಿಗೆ ಸೇರಿಸಿರುತ್ತಾರೆ.

ಎಲ್ಲ ಫ್ಯೂಸ್ ತೆಗೆದರೂ ಇಳಿಯಲಿಲ್ಲವೇ? ಆಗ ಆಲ್ಟರ್ನೇಟರ್ ಒಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಸೋರುತ್ತಿರಬಹುದು. ಚಾರ್ಜ್ ಚೆನ್ನಾಗೇ ಮಾಡುತ್ತಾ, ನಿಂತಾಗ ಹಿಂದಕ್ಕೆ ಎಳೆಯುತ್ತದೆ. ಬ್ಯಾಟರಿಯ ಮೈನಸ್ ಬಿಚ್ಚಿ, ಆಲ್ಟರ್ನೇಟರಿನ ದಪ್ಪ ವೈರ್ ಕಳಚಿ ಟೇಪ್ ಸುತ್ತಿ, ಮತ್ತೆ ಅಳೆಯಿರಿ. ಈಗ ಇಳಿದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ನಿಜ. ಆಗ ಧೈರ್ಯವಾಗಿ ರಿಪೇರಿ ಮಾಡಿಸಿ.

ಇನ್ನೊಂದು ಎಚ್ಚರಿಕೆ. ಹಳದಿ ಕನೆಕ್ಟರ್ ಇರುವ ವೈರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು. ಅವನ್ನು ಮುಟ್ಟಬೇಡಿ, ಮೀಟರ್ ಹಿಡಿಯಬೇಡಿ.

ಪ್ರಶ್ನೆ: ಫೋನ್ ಚಾರ್ಜ್ ಮಾಡುವ ಸಾಕೆಟ್ಟಿನ 15 ಆಂಪ್ ಫ್ಯೂಸ್ ಪದೇ ಪದೇ ಹೋಗುತ್ತಿದೆ. 30 ಹಾಕಿದರೆ ನಿಲ್ಲುತ್ತೆ ಅಂತ ಗೆಳೆಯರೊಬ್ಬರು ಹೇಳಿದರು. ಹಾಕಲಾ?
– ಓದುಗರು, ಹಾವೇರಿ

ಉತ್ತರ: ದಯವಿಟ್ಟು ಬೇಡ. ಫ್ಯೂಸ್ ಇರುವುದು ವೈರನ್ನು ಕಾಪಾಡಲು. ನೀಲಿ 15 ತೆಗೆದು ಹಸಿರು 30 ಹಾಕಿದರೆ ಫ್ಯೂಸ್ ಉಳಿಯುತ್ತದೆ, ಡ್ಯಾಶ್‌ಬೋರ್ಡ್ ಒಳಗೆ ವೈರ್ ಕಾದು ಸುಡುತ್ತದೆ. ಫ್ಯೂಸ್ ತೆಗೆದಿಟ್ಟು, ಸಾಕೆಟ್ಟಿನೊಳಗೆ ಟಾರ್ಚ್ ಹಾಕಿ ನೋಡಿ. ಚಿಲ್ಲರೆ ಕಾಸು ಬಿದ್ದಿರುವುದು ಬಹಳ ಸಾಮಾನ್ಯ. ಕಾಸು ಇಲ್ಲದಿದ್ದರೆ ಚಾರ್ಜರ್ ಹಾಕದೆ ಹೊಸ 15 ಹಾಕಿ ನೋಡಿ. ಫ್ಯೂಸ್ ಹೋಗದಿದ್ದರೆ ತಪ್ಪು ಚಾರ್ಜರಿನದು. ಆಗಲೂ ಹೋದರೆ ವೈರ್ ಎಲ್ಲೋ ಸಿಪ್ಪೆ ಬಿಟ್ಟಿರಬಹುದು. ಮಳೆಗಾಲದಲ್ಲಿ ಕಾರು ಸುಮ್ನೆ ನಿಂತಿದ್ದರೆ ಇಲಿ ಕಡಿದಿದೆಯಾ ಅಂತಲೂ ನೋಡಿಸಿ.