ಚೀಲದ ಮೇಲಿನ ವೆಬ್ ವಿಳಾಸ ಯಾರದು?

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಸಣ್ಣ ಆಫೀಸ್ ಇಟ್ಟುಕೊಂಡು ವ್ಯಾಪಾರಿಗಳಿಗೆ ವೆಬ್‌ಸೈಟ್, ಬಿಲ್ಲಿಂಗ್, ನೆಟ್‌ವರ್ಕ್ ಕೆಲಸ ಮಾಡಿಕೊಡುವ ನಮ್ಮ ಅಂಕಣಕಾರ್ತಿ ಈ ತಿಂಗಳ ಪತ್ರಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಅಕ್ಕಾರೆ, ನಮ್ಮದು ನೆಹರೂ ಗಂಜ್‌ನಲ್ಲಿ ತೊಗರಿ ಬೇಳೆ ವ್ಯಾಪಾರ. ಕೆಲವು ವರ್ಷದ ಹಿಂದೆ ಪರಿಚಯದ ಹುಡುಗನೊಬ್ಬ ನಮ್ಮ ಮಿಲ್ಲಿನ ಹೆಸರಲ್ಲಿ ಡಾಟ್ ಕಾಮ್ ವೆಬ್‌ಸೈಟ್ ಮಾಡಿಕೊಟ್ಟಿದ್ದ. ಬೇಳೆ ಚೀಲ, ಬಿಲ್ ಬುಕ್ಕು ಎಲ್ಲದರ ಮೇಲೂ ಅದೇ ವಿಳಾಸ ಅಚ್ಚು ಹಾಕಿಸಿದ್ದೇವೆ. ಈಗ ಹುಡುಗ ಪುಣೆಗೆ ಹೋಗಿದ್ದಾನೆ, ಫೋನ್ ಎತ್ತಲ್ಲ. ಮೊನ್ನೆ ಸೊಲ್ಲಾಪುರದ ಗಿರಾಕಿಯೊಬ್ಬರು ಫೋನ್ ಮಾಡಿ, ‘ಏನ್ರೀ ಸಾವಕಾರ್ರ, ಬ್ಯಾಳಿ ಬಿಟ್ಟು ರಮ್ಮಿ ಆಡಸ್ಲಿಕತ್ತೀರೇನು?’ ಅಂತ ನಕ್ಕರು. ತೆರೆದು ನೋಡಿದರೆ ನಮ್ಮ ವಿಳಾಸದಲ್ಲಿ ಜೂಜಿನ ಪುಟ! ಯಾರೋ ಹ್ಯಾಕ್ ಮಾಡಿದ್ದಾರಾ?
– ಬೇಳೆ ವ್ಯಾಪಾರಿ, ಕಲಬುರಗಿ

ಉತ್ತರ: ಹ್ಯಾಕ್ ಆಗಿರಲಿಕ್ಕಿಲ್ಲ ಸಾವಕಾರ್ರೇ. ಹೆಸರಿನ ಅವಧಿ ಮುಗಿದಿದೆ, ಬೇರೆ ಯಾರೋ ಎತ್ತಿಕೊಂಡಿದ್ದಾರೆ. ನಾನು ನೋಡುವ ಇಂಥ ಕೇಸುಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ.

ನಾವು ‘ವೆಬ್‌ಸೈಟ್’ ಅನ್ನುವುದರಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ. ಒಂದು ಹೆಸರು, ಅಂದರೆ ಡೊಮೇನ್. ಎರಡು, ಪುಟಗಳನ್ನು ಇಡುವ ಸರ್ವರ್ (ಸದಾ ನೆಟ್‌ಗೆ ಜೋಡಿಸಿದ ಕಂಪ್ಯೂಟರ್) ಜಾಗ, ಅಂದರೆ ಹೋಸ್ಟಿಂಗ್. ಮೂರನೆಯದು ಪುಟಗಳು. ನೀವು ದುಡ್ಡು ಕೊಟ್ಟಿದ್ದು ಮೂರಕ್ಕೂ. ಆದರೆ ಮೂರೂ ಇದ್ದದ್ದು ಆ ಹುಡುಗನ ಹೆಸರಲ್ಲಿ, ಅವನ ಇ-ಮೇಲ್‌ನಲ್ಲಿ. ಪುಟ ಹೋದರೆ ಮತ್ತೆ ಮಾಡಿಸಬಹುದು, ಸರ್ವರ್ ಹೋದರೆ ಬೇರೆಯದು ಹಿಡಿಯಬಹುದು. ಹೆಸರು ಹೋದರೆ ಮಾತ್ರ ನಿಮ್ಮ ಚೀಲದ ಮೇಲಿನ ಅಚ್ಚು ಪೂರಾ ಬೇರೆಯವರ ಜಾಹೀರಾತು.

ಹೇಗೆ ಅಂತ ನೋಡಿ. ಸೊಲ್ಲಾಪುರದ ಗಿರಾಕಿ ನಿಮ್ಮ ವಿಳಾಸ ಟೈಪ್ ಮಾಡುತ್ತಾರೆ. ಅವರ ಫೋನಿಗೆ ಆ ಹೆಸರು ಅರ್ಥವಾಗುವುದಿಲ್ಲ, ಅದಕ್ಕೆ ಬೇಕಿರುವುದು ಒಂದು ನಂಬರ್, ಐಪಿ ವಿಳಾಸ. ಫೋನು ತನ್ನ ನೆಟ್ ಕಂಪನಿಯ ಒಂದು ಕಂಪ್ಯೂಟರನ್ನು ಕೇಳುತ್ತದೆ. ಅದಕ್ಕೂ ಗೊತ್ತಿಲ್ಲದಿದ್ದರೆ ಅದು ಎಲ್ಲ ಹೆಸರುಗಳ ಬುಡದಲ್ಲಿರುವ ರೂಟ್ ಸರ್ವರನ್ನು ಕೇಳುತ್ತದೆ. ರೂಟ್ ಹೇಳುತ್ತದೆ, ‘ಡಾಟ್ ಕಾಮ್ ಲೆಕ್ಕ ಇಟ್ಟವರು ಅಲ್ಲಿದ್ದಾರೆ, ಅವರನ್ನು ಕೇಳು.’ ಅವರು ಹೇಳುತ್ತಾರೆ, ‘ಈ ಹೆಸರಿನ ವಿವರ ಇಂಥ ಸರ್ವರಿನಲ್ಲಿದೆ.’ ಅಲ್ಲಿ ಕೊನೆಗೆ ನಂಬರ್ ಸಿಗುತ್ತದೆ. ಇಷ್ಟೂ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಈ ಪದ್ಧತಿಗೆ ಡಿಎನ್ಎಸ್ ಅನ್ನುತ್ತಾರೆ. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಇದನ್ನು ರೂಪಿಸಿದರು. ಅದಕ್ಕೂ ಮುಂಚೆ ಎಲ್ಲ ಹೆಸರೂ ಒಂದೇ ಫೈಲಿನಲ್ಲಿ ಇರುತ್ತಿದ್ದವು, ಎಲ್ಲರೂ ಅದರ ನಕಲು ಇಟ್ಟುಕೊಳ್ಳುತ್ತಿದ್ದರು.

‘ವಿವರ ಯಾವ ಸರ್ವರಿನಲ್ಲಿದೆ’ ಎಂದು ಬರೆಸುವ ಅಧಿಕಾರ ಹೆಸರು ನೋಂದಾಯಿಸಿದವರದು. ಆ ಹೆಸರು ಯಾರಿಗೂ ಶಾಶ್ವತವಾಗಿ ಸಿಗುವುದಿಲ್ಲ. ಗಂಜ್‌ನ ಬಾಡಿಗೆ ಮಳಿಗೆಯ ಹಾಗೆ, ಕರಾರು ಇರುವ ತನಕ ನಿಮ್ಮದು. ಡಾಟ್ ಕಾಮ್ ಹೆಸರಿನ ಅವಧಿ ಮುಗಿದರೆ ನೋಂದಣಿ ಕಂಪನಿ ಸಾಮಾನ್ಯವಾಗಿ ಕೆಲವು ವಾರ, ಹೆಚ್ಚೆಂದರೆ 45 ದಿನ, ನವೀಕರಿಸಲು ಬಿಡುತ್ತದೆ. ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಅದಾದ ಮೇಲೆ 5 ದಿನ ಏನೂ ಮಾಡುವಂತಿಲ್ಲ. ಆರನೇ ದಿನ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಇಂಥ ಹಳೆ ಹೆಸರುಗಳಿಗೆ ಕಾದು ಕೂರುವುದನ್ನೇ ದಂಧೆ ಮಾಡಿಕೊಂಡವರಿದ್ದಾರೆ. ಅವರಿಗೆ ನಿಮ್ಮ ಬೇಳೆ ಬೇಡ. ಚೀಲ ನೋಡಿ ಟೈಪ್ ಮಾಡಿ ಬರುವ ಜನ ಬೇಕು.

ಈಗ ತುರ್ತಾಗಿ ಮಾಡಬೇಕಾದ ಕೆಲಸ ಬೇರೆ ಇದೆ, ಅದನ್ನು ನೀವು ಕೇಳಿಲ್ಲ. ಆ ಹೆಸರಿನ ಮೇಲೆ ನಿಮಗೆ ಇ-ಮೇಲ್ ಇತ್ತಾ? ಇದ್ದರೆ ಇವತ್ತೇ ಕೂತು ಬ್ಯಾಂಕ್, ಜಿಎಸ್‌ಟಿ, ಸಾರಿಗೆ ಕಂಪನಿ ಎಲ್ಲೆಲ್ಲಿ ಆ ಇ-ಮೇಲ್ ಕೊಟ್ಟಿದ್ದೀರೋ ಅಲ್ಲೆಲ್ಲ ಬದಲಾಯಿಸಿ. ಹೆಸರು ಯಾರ ಕೈಯಲ್ಲಿದೆಯೋ ಅದಕ್ಕೆ ಬರುವ ಮೇಲ್ ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸುವವರೂ ಅವರೇ. ನಿಮ್ಮ ಪಾಸ್‌ವರ್ಡ್ ಮರೆತಾಗ ಬರುವ ಕೊಂಡಿ ನೇರ ಅವರ ಪೆಟ್ಟಿಗೆಗೆ ಬೀಳಬಹುದು. ಜೂಜಿನ ಪುಟದಿಂದ ಮರ್ಯಾದೆ ಹೋಗುತ್ತದೆ, ಇದರಿಂದ ದುಡ್ಡೇ ಹೋಗುತ್ತದೆ.

ಹೆಸರು ವಾಪಸ್ ಪಡೆಯಬಹುದಾ? ‘ಹೂಈಸ್’ ಎಂಬ ಹುಡುಕಾಟದಲ್ಲಿ ಹೆಸರು ಯಾವಾಗ ನೋಂದಣಿಯಾಯಿತು, ಯಾವಾಗ ಮುಗಿಯುತ್ತದೆ, ಯಾವ ಕಂಪನಿಯ ಮೂಲಕ ಎಂದು ಪುಕ್ಕಟೆ ನೋಡಬಹುದು. ಮಾಲೀಕರ ಹೆಸರು ಈಗೀಗ ಮುಚ್ಚಿಯೇ ಇರುತ್ತದೆ. ನಿಮ್ಮ ಬೇಳೆಯ ಬ್ರ್ಯಾಂಡ್‌ಗೆ ಟ್ರೇಡ್‌ಮಾರ್ಕ್ ಇದ್ದರೆ ದೂರು ಕೊಡುವ ದಾರಿ ಉಂಟು. ಡಾಟ್ ಕಾಮ್‌ಗೆ ಒಂದು ನಿಯಮ, ಡಾಟ್ ಇನ್‌ಗೆ ನಮ್ಮ ದೇಶದ ಇನ್ನೊಂದು ನಿಯಮ. ಅವರು ಕೆಟ್ಟ ಉದ್ದೇಶದಿಂದಲೇ ತೆಗೆದುಕೊಂಡರು ಅಂತ ನೀವು ತೋರಿಸಬೇಕು. ಶುಲ್ಕ ಇದೆ, ವಕೀಲರ ಖರ್ಚು ಇದೆ. ಟ್ರೇಡ್‌ಮಾರ್ಕ್ ಇಲ್ಲದಿದ್ದರೆ ನನ್ನ ಸಲಹೆ ಒಂದೇ: ಅದನ್ನು ಬಿಡಿ. ಹೊಸ ಡಾಟ್ ಇನ್ ಹೆಸರು ತೆಗೆದುಕೊಳ್ಳಿ, ಉಳಿದ ಚೀಲಗಳಿಗೆ ಸ್ಟಿಕರ್ ಹಚ್ಚಿಸಿ. ಜೂಜಿನವರಿಗೆ ಫೋನ್ ಮಾಡಿ ರೇಟು ಕೇಳಲೇಬೇಡಿ. ನಿಮಗೆ ಬೇಕು ಅಂತ ಗೊತ್ತಾದ ಕೂಡಲೇ ರೇಟು ಏರುತ್ತದೆ. ಸೀಸನ್ನಿನಲ್ಲಿ ತೊಗರಿ ಕೊಳ್ಳುವ ನಿಮಗೆ ಇದನ್ನು ನಾನು ಹೇಳಿಕೊಡಬೇಕಾ!

ಹೊಸ ಹೆಸರನ್ನು ನೀವೇ ಕೂತು ನೋಂದಾಯಿಸಿ. ಓಟಿಪಿ ನಿಮ್ಮ ಮೊಬೈಲಿಗೆ ಬರಲಿ. ಖಾತೆಗೆ ಕೊಡುವ ಇ-ಮೇಲ್ ಅದೇ ಹೆಸರಿನದ್ದು ಆಗಿರಬಾರದು, ಯಾಕೆಂದರೆ ಹೆಸರು ನಿಂತರೆ ಆ ಇ-ಮೇಲೂ ನಿಲ್ಲುತ್ತದೆ, ನವೀಕರಿಸಿ ಎಂಬ ಸೂಚನೆ ನಿಮಗೆ ಮುಟ್ಟುವುದೇ ಇಲ್ಲ. ಒಂದೇ ಸಲಕ್ಕೆ 10 ವರ್ಷದವರೆಗೆ ಕಟ್ಟಬಹುದು. ಸೈಟ್ ಮಾಡುವ ಹುಡುಗರಿಗೆ ಸರ್ವರಿನ ಲಾಗಿನ್ ಕೊಡಿ, ಹೆಸರಿನ ಲಾಗಿನ್ ಕೊಡಬೇಡಿ. ಹುಡುಗರು ಕೆಟ್ಟವರು ಅಂತಲ್ಲ. ಅವರಿಗೆ ಪುಣೆಯಲ್ಲಿ ನೌಕರಿ ಸಿಗುತ್ತದೆ, ಅಷ್ಟೇ.

ಪ್ರಶ್ನೆ: ಮೇಡಂ, ಪಕ್ಕದ ಬೆಂಚಿನ ಗೆಳೆಯನಿಗೆ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸಿದರೆ ಅದು ಎಲ್ಲೆಲ್ಲಿ ಸುತ್ತಿ ಬರುತ್ತದೆ? ನಮ್ಮ ಸರ್ ‘ಸ್ಯಾಟಲೈಟ್ ಮೂಲಕ’ ಅಂದರು.
– ಪಿಯು ವಿದ್ಯಾರ್ಥಿ, ಯಾದಗಿರಿ

ಉತ್ತರ: ಸರ್ ಹೇಳಿದ್ದು ಟಿವಿ ಡಿಶ್‌ಗೆ ಸರಿ. ನಿನ್ನ ಫೋಟೋ ಹೋಗುವುದು ಬಹುಮಟ್ಟಿಗೆ ನೆಲದೊಳಗೆ. ಫೋನಿನಿಂದ ಟವರಿನ ತನಕ ಮಾತ್ರ ಗಾಳಿಯಲ್ಲಿ. ಅಲ್ಲಿಂದ ಮುಂದೆ ಹೆಚ್ಚಾಗಿ ಗಾಜಿನ ಎಳೆಯಲ್ಲಿ, ಬೆಳಕಾಗಿ.

ಫೋಟೋ ಇಡಿಯಾಗಿ ಹೋಗುವುದಿಲ್ಲ. ಸುಮಾರು 1,500 ಬೈಟಿನ ಚೂರುಗಳಾಗುತ್ತದೆ. 300 ಕೆಬಿ ಫೋಟೋ ಅಂದರೆ ಇನ್ನೂರು ಚೂರು. ಪ್ರತಿ ಚೂರಿನ ಮೇಲೂ ಎಲ್ಲಿಂದ ಎಲ್ಲಿಗೆ ಎಂಬ ನಂಬರ್ ಇರುತ್ತದೆ. ಒಂದು ಕಳೆದರೆ ಅದೊಂದನ್ನೇ ಮತ್ತೆ ಕಳಿಸುತ್ತದೆ. ಚೂರುಗಳು ನಿನ್ನ ಸಿಮ್ ಕಂಪನಿಯ ದೊಡ್ಡ ಕೇಂದ್ರಕ್ಕೆ ಹೋಗಿ, ಅಲ್ಲಿಂದ ವಾಟ್ಸ್ಆ್ಯಪ್ ಸರ್ವರಿಗೆ ಹೋಗಿ, ಮತ್ತೆ ನಿನ್ನ ಪಕ್ಕದ ಬೆಂಚಿಗೆ ಬರುತ್ತವೆ. ಗೆಳೆಯ ಒಂದು ಮೊಳ ದೂರ ಕೂತಿದ್ದಾನೆ ಅಂತ ಅದಕ್ಕೆ ಗೊತ್ತೇ ಇಲ್ಲ.

ಯಾದಗಿರಿ ಸ್ಟೇಷನ್ನಿಗೆ ಹೋದಾಗ ಹಳಿ ಪಕ್ಕ ನೋಡು. ನಿಮ್ಮೂರು ಮುಂಬೈ–ಚೆನ್ನೈ ಮುಖ್ಯ ಮಾರ್ಗದ ಮೇಲಿದೆ. ರೈಲ್‌ಟೆಲ್ ಎಂಬ ಸರ್ಕಾರಿ ಕಂಪನಿ ದೇಶದ ರೈಲು ಹಳಿಗಳ ಉದ್ದಕ್ಕೂ ಫೈಬರ್, ಅಂದರೆ ಆ ಗಾಜಿನ ಎಳೆ, ಹಾಕಿದೆ. ಉಳಿದ ಕಂಪನಿಗಳು ಹೆದ್ದಾರಿ ಪಕ್ಕ ಅಗೆದು ಹಾಕಿವೆ. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಮುಂಬೈ 600 ಕಿಲೋಮೀಟರ್ ಅಂತ ಹಿಡಿದರೆ ಒಂದು ಕಡೆಗೆ 3 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಸಾವಿರದಲ್ಲಿ ಮೂರು ಪಾಲು. ವಿದೇಶಕ್ಕೆ ಹೋಗುವ ಡೇಟಾ ಮುಂಬೈ, ಚೆನ್ನೈ, ಕೊಚ್ಚಿಯಂಥ ಕಡೆ ಸಮುದ್ರದಡಿಯ ಕೇಬಲ್ಲಿಗೆ ಇಳಿಯುತ್ತದೆ. ಎಲ್ಲದಕ್ಕೂ ಅಷ್ಟು ದೂರ ಹೋಗಬೇಕಿಲ್ಲ. ಜನ ಜಾಸ್ತಿ ನೋಡುವ ವಿಡಿಯೋಗಳ ನಕಲನ್ನು ದೊಡ್ಡ ಕಂಪನಿಗಳು ನಮ್ಮ ದೇಶದ ಊರುಗಳಲ್ಲೇ ಇಟ್ಟಿರುತ್ತವೆ.

ಹಾಗಾಗಿಯೇ ರಸ್ತೆ ಕೆಲಸದ ಜೆಸಿಬಿ ಒಂದು ಸಲ ಬಾಯಿ ಹಾಕಿದರೆ ಇಡೀ ಬಡಾವಣೆಯ ನೆಟ್ ಹೋಗುವುದು. ಸ್ಯಾಟಲೈಟ್ ಆಗಿದ್ದರೆ ನಮ್ಮ ರಿಂಗ್ ರೋಡಿನ ಅಗೆತಕ್ಕೆ ಯಾರೂ ಬಯ್ಯುತ್ತಿರಲಿಲ್ಲ.

ಪ್ರಶ್ನೆ: ಅಕ್ಕಾ, ನಾನು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುತ್ತೇನೆ. ಆರ್ಡರ್ ಎಲ್ಲ ವಾಟ್ಸ್ಆ್ಯಪ್‌ನಲ್ಲೇ. ಒಬ್ಬ ‘200 ರೊಟ್ಟಿ ಬೇಕು, ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಅಂದ. ಅನುಮಾನ ಬಂದು ಬಿಟ್ಟೆ. ಮತ್ತೆ, ನಾನೂ ವೆಬ್‌ಸೈಟ್ ಮಾಡಿಸಬೇಕಾ?
– ಗೃಹಿಣಿ, ಆಳಂದ

ಉತ್ತರ: ಬಿಟ್ಟಿದ್ದು ಒಳ್ಳೇದಾಯಿತು. ಯುಪಿಐಯಲ್ಲಿ ಪಿನ್ ಹಾಕುವುದು ದುಡ್ಡು ಕೊಡಲಿಕ್ಕೆ, ಇಲ್ಲವೇ ಬ್ಯಾಲೆನ್ಸ್ ನೋಡಲಿಕ್ಕೆ. ತೆಗೆದುಕೊಳ್ಳಲು ಪಿನ್ ಬೇಡ, ಸ್ಕ್ಯಾನೂ ಬೇಡ. ಯಾರಿಗಾದರೂ ಹೀಗೆ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ಆ ದುಡ್ಡನ್ನು ಮುಂದಿನ ಖಾತೆಯಲ್ಲಿ ತಡೆಯುವ ಅವಕಾಶ ಜಾಸ್ತಿ.

ವೆಬ್‌ಸೈಟ್ ಈಗ ಬೇಡ. ಸುಮ್ನೆ ಖರ್ಚು. ವಾಟ್ಸ್ಆ್ಯಪ್ ಬಿಸಿನೆಸ್ ಹಾಕಿಕೊಳ್ಳಿ, ಅದರ ಕ್ಯಾಟಲಾಗ್‌ನಲ್ಲಿ ರೊಟ್ಟಿಯ ಎಣಿಕೆ, ಹಿಂಡಿಯ ತೂಕ, ಬೆಲೆ ಬರೆಯಿರಿ. ಗೂಗಲ್ ಮ್ಯಾಪ್‌ನಲ್ಲಿ ಹೆಸರು ಸೇರಿಸಿ, ಅದು ಪುಕ್ಕಟೆ. ಮೊದಲು ಆಗಬೇಕಾದದ್ದು ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ, ತಿನ್ನುವ ಪದಾರ್ಥ ಮಾರುವ ಸಣ್ಣವರಿಗೂ ಅದು ಕಡ್ಡಾಯ. ಇನ್ನೊಂದು: ಗಿರಾಕಿಗಳ ಹೆಸರು, ನಂಬರ್ ಒಂದು ನೋಟ್‌ಬುಕ್ಕಿನಲ್ಲೂ ಇರಲಿ. ಫೋನ್ ಕಳೆದರೆ ವ್ಯಾಪಾರ ಕಳೆಯಬಾರದು.

ಪ್ರಶ್ನೆ: ನಾವು ಬಿದ್ರಿ ಕೆಲಸದವರು. ಮಗ ವೆಬ್‌ಸೈಟ್ ಮಾಡಿದ್ದಾನೆ, ಹೈದರಾಬಾದಿನ ಗಿರಾಕಿಗಳು ‘ತೆರೆಯೋದೇ ಇಲ್ಲ’ ಅನ್ನುತ್ತಾರೆ. ಅದನ್ನು ಬಿಟ್ಟು ದೊಡ್ಡ ಆನ್‌ಲೈನ್ ಅಂಗಡಿಗಳಲ್ಲೇ ಇಡೋದು ಮೇಲಾ?
– ಕುಶಲಕರ್ಮಿ, ಬೀದರ್

ಉತ್ತರ: ನೀವು ಕೊಟ್ಟ ವಿಳಾಸ ತೆರೆದು ನೋಡಿದೆ. ಮೊದಲ ಪುಟದಲ್ಲೇ ಹನ್ನೆರಡು ಫೋಟೋ, ಫೋನಿನಲ್ಲಿ ತೆಗೆದದ್ದನ್ನು ಹಾಗೇ ಏರಿಸಿದ್ದಾರೆ. ಒಂದೊಂದೂ 5 ಎಂಬಿ. ನೆಟ್ ವೇಗ ಅಳೆಯುವುದು ಬಿಟ್‌ನಲ್ಲಿ, ಫೋಟೋ ಅಳೆಯುವುದು ಬೈಟ್‌ನಲ್ಲಿ, ಒಂದು ಬೈಟಿಗೆ 8 ಬಿಟ್. ಹಾಗಾಗಿ 5 ಎಂಬಿ ಅಂದರೆ 40 ಮೆಗಾಬಿಟ್. ಸೆಕೆಂಡಿಗೆ 4 ಮೆಗಾಬಿಟ್ ಬರುವ ಕಡೆ ಒಂದು ಹೂದಾನಿ ಕಾಣಿಸಲು 10 ಸೆಕೆಂಡ್, ಹನ್ನೆರಡಕ್ಕೆ 2 ನಿಮಿಷ. ಯಾರು ಕಾಯುತ್ತಾರೆ? ಅದೇ ಫೋಟೋವನ್ನು 200 ಕೆಬಿಗೆ ಇಳಿಸಿದರೆ ಅರ್ಧ ಸೆಕೆಂಡೂ ಬೇಡ, ಫೋನಿನ ಪರದೆಯಲ್ಲಿ ವ್ಯತ್ಯಾಸ ತಿಳಿಯುವುದೂ ಇಲ್ಲ. ಫ್ಲ್ಯಾಶ್ ಹಾಕಬೇಡಿ. ಕಪ್ಪು ಮೈಮೇಲೆ ಬಿಳಿ ಚುಕ್ಕೆ ಬಿದ್ದು ಬೆಳ್ಳಿ ತಂತಿಯ ಗೆರೆ ಎಲ್ಲ ಮುಚ್ಚಿಹೋಗಿದೆ. ಕಿಟಕಿ ಪಕ್ಕದ ನೆರಳಿನಲ್ಲಿ ತೆಗೆಯಿರಿ.

ಬೆಲೆ, ಎತ್ತರ, ತೂಕ ಎಲ್ಲವನ್ನೂ ಫೋಟೋದ ಒಳಗೇ ಬರೆದಿದ್ದೀರಿ. ಹಾಗೆ ಬರೆದದ್ದು ಹುಡುಕಿದಾಗ ಸರಿಯಾಗಿ ಸಿಗುವುದಿಲ್ಲ. ಪುಟದಲ್ಲಿ ಅಕ್ಷರವಾಗಿ ಬರೆಯಿರಿ. ಸತುವು, ತಾಮ್ರದ ಎರಕ, ಬೆಳ್ಳಿ ಕೂರಿಸುವುದು, ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಕಪ್ಪು ಬರಿಸುವುದು, ಇದನ್ನೆಲ್ಲ ನಿಮ್ಮ ಮಾತಲ್ಲೇ ಹೇಳಿ. ಮಷಿನ್ ಮಾಲು ಮಾರುವವರು ಇದನ್ನು ಬರೆಯಲಾರರು. ಬಿದ್ರಿಗೆ ಜಿಐ, ಅಂದರೆ ಇದು ಈ ಊರಿನದೇ ಎಂಬ ಭೌಗೋಳಿಕ ಗುರುತಿನ, ಮಾನ್ಯತೆ ಇದೆ. ನೀವು ಅದರ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿದ್ದರೆ ಅದನ್ನೂ ಮೊದಲ ಪುಟದಲ್ಲೇ ಹಾಕಿ.

ದೊಡ್ಡ ಅಂಗಡಿಗಳಲ್ಲಿ ಇಡಿ, ಬೇಡ ಅನ್ನಲ್ಲ. ಹೊಸ ಗಿರಾಕಿ ಅಲ್ಲಿ ಸಿಗುತ್ತಾರೆ. ಆದರೆ ಕಮಿಷನ್ ಹೋಗುತ್ತದೆ, ಮಾಲು ವಾಪಸ್ ಬಂದರೆ ತಲೆನೋವು ನಿಮ್ಮದು, ಕೊಂಡವರು ಯಾರು ಅಂತ ನಿಮಗೆ ಸರಿಯಾಗಿ ಗೊತ್ತೂ ಆಗುವುದಿಲ್ಲ. ನಾಳೆ ಅವರ ನಿಯಮ ಬದಲಾದರೆ ನಿಮ್ಮ ಅಂಗಡಿ ಪಟ್ಟಿಯ ಕೊನೆಗೆ ಹೋಗುತ್ತದೆ. ಇನ್‌ಸ್ಟಾಗ್ರಾಂ ಪುಟವೂ ಅಷ್ಟೇ. ಅಲ್ಲಿ ಬಂದವರನ್ನು ನಿಮ್ಮ ಸ್ವಂತ ವಿಳಾಸಕ್ಕೆ ಕರೆತನ್ನಿ. ಪ್ರತಿ ಡಬ್ಬಿಯೊಳಗೆ ಆ ವಿಳಾಸದ ಚೀಟಿ ಇಡಿ. ಹೆಸರು ಯಾರ ಖಾತೆಯಲ್ಲಿ ನೋಂದಣಿಯಾಗಿದೆ ಅಂತ ಮಗನನ್ನು ಒಮ್ಮೆ ಕೇಳಿ. ಮೇಲಿನ ಗಂಜ್ ಸಾವಕಾರ್ರ ಪತ್ರವನ್ನೂ ಅವನಿಗೆ ಓದಲು ಕೊಡಿ.

ಪ್ರಶ್ನೆ: ವಿಳಾಸದ ಪಕ್ಕ ಬೀಗದ ಗುರುತು ಇದ್ದರೆ ಆ ಸೈಟನ್ನು ನಂಬಬಹುದಲ್ವಾ?
– ಶಿಕ್ಷಕಿ, ಶಹಾಪುರ

ಉತ್ತರ: ಇಲ್ಲ. ನಿಮ್ಮ ಫೋನಿಗೂ ಆ ಸರ್ವರಿಗೂ ನಡುವೆ ಬೇರೆಯವರು ಓದಲಾರರು ಅಂತ ಮಾತ್ರ ಅದರ ಅರ್ಥ. ಆ ಕಡೆ ಕೂತವನು ಕಳ್ಳನಾಗಿದ್ದರೂ ಬೀಗ ಬರುತ್ತದೆ, ಪುಕ್ಕಟೆಯಾಗಿಯೇ ಸಿಗುತ್ತದೆ. ಜನ ತಪ್ಪು ತಿಳಿಯುತ್ತಾರೆ ಅಂತಲೇ 2023ರಲ್ಲಿ ಗೂಗಲ್ ಕ್ರೋಮ್ ಆ ಬೀಗದ ಚಿತ್ರ ತೆಗೆದು ಬೇರೆ ಗುರುತು ಹಾಕಿತು. ಬೀಗ ನೋಡುವ ಬದಲು ವಿಳಾಸದ ಅಕ್ಷರ ಒಂದೊಂದಾಗಿ ಓದಿ. ಮುಖ್ಯವಾಗಿ, ಶುರುವಿನ https:// ಬಿಟ್ಟು, ಅದರ ಮುಂದಿನ ಮೊದಲ ಓರೆಗೆರೆಗೆ (/) ಸ್ವಲ್ಪ ಮುಂಚೆ ಬರುವ ಕೊನೆಯ ಎರಡು ಪದ ನೋಡಿ (ಕೊನೆಯಲ್ಲಿ .co.in ಅಥವಾ .bank.in ಇದ್ದರೆ ಮೂರು ಪದ). ಬ್ಯಾಂಕಿನ ಹೆಸರು ಎಡಗಡೆ ಎಲ್ಲೋ ಇದ್ದು ಆ ಕೊನೆಯಲ್ಲಿ ಬೇರೇನೋ ಇದ್ದರೆ, ಅದು ಬ್ಯಾಂಕಿನ ಸೈಟ್ ಅಲ್ಲ.