ಏಳು ಗಂಟೆಯ ಬ್ಯಾಂಡು, ಶನಿವಾರದ ಪಾಠ

ಸಿಯಾಟಲ್ ಪಕ್ಕದ ಊರಿನಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಅವರ ಪತ್ರದ ಸಾರ ಇದು:

‘ಮಗಳಿಗೆ ಹದಿಮೂರು ವರ್ಷ. ಆರನೇ ವಯಸ್ಸಿನಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ವರ್ಣ ಮುಗಿಸಿ ಕೃತಿಗಳಿಗೆ ಬಂದಿದ್ದಾಳೆ. ಈಗ ಸ್ಕೂಲಿನ ಜಾಝ್ ಬ್ಯಾಂಡ್ ಸೇರಿ ಟ್ರಾಂಬೋನ್ ಅನ್ನುವ ಹಿತ್ತಾಳೆ ವಾದ್ಯ ಊದುತ್ತಿದ್ದಾಳೆ. ಕ್ಲಾಸಿಗೆ ಮುಂಚೆ, ಬೆಳಗ್ಗೆ ಏಳಕ್ಕೇ ಪ್ರಾಕ್ಟೀಸು. ಸ್ಪರ್ಧೆ ಅಂತ ಶನಿವಾರದ ಪಾಠವೂ ತಪ್ಪುತ್ತಿದೆ. ಜಾಝ್ ಅನ್ನುವುದು ಕ್ಲಬ್ಬುಗಳಲ್ಲಿ ಬೆಳೆದ ಸಂಗೀತ. ಅದನ್ನು ಸ್ಕೂಲಲ್ಲಿ ಕೂರಿಸಿ ಕಲಿಸೋಕಾಗುತ್ತಾ? ಹುಡುಗಿಗೆ ಅಷ್ಟುದ್ದದ ವಾದ್ಯ ಯಾಕೆ? ಎರಡು ಸಂಗೀತ ಸೇರಿ ಎರಡೂ ಕೆಡುವುದಿಲ್ಲವೇ? ಒಂದನ್ನು ಬಿಡಿಸುವುದಾದರೆ ಯಾವುದನ್ನು ಬಿಡಿಸಲಿ?’

ಯಾವುದನ್ನೂ ಬಿಡಿಸಬೇಡಿ. ಅವಳಾಗಿ ಬಿಟ್ಟರೆ ಬೇರೆ ಮಾತು, ನೀವಾಗಿ ಬಿಡಿಸಬೇಡಿ. ಉತ್ತರ ಇಷ್ಟೇ. ಆದರೆ ಜಾಝ್ ಬಗ್ಗೆ ನೀವು ಆಡಿರುವ ಮಾತು ನನ್ನನ್ನು ಸುಮ್ನೆ ಕೂರಲು ಬಿಡಲಿಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಜಾಝ್ ಕ್ಲಬ್ಬಿನಲ್ಲಿ ಬೆಳೆಯಿತು, ನಿಜ. ಆದರೆ ಆ ಕ್ಲಬ್ಬುಗಳಲ್ಲಿ ನುಡಿಸಿದವರು ಎಲ್ಲಿ ಕಲಿತರು ಅಂತ ಹುಡುಕುತ್ತಾ ಹೋದರೆ ಎಷ್ಟೋ ಸಲ ಒಬ್ಬ ಮೇಷ್ಟ್ರು ಸಿಗುತ್ತಾರೆ. 1912ರ ಕೊನೇ ರಾತ್ರಿ ನ್ಯೂ ಆರ್ಲಿಯನ್ಸ್‌ನ ಬೀದಿಯಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬ ಪಿಸ್ತೂಲಿನಿಂದ ಗಾಳಿಯಲ್ಲಿ ಗುಂಡು ಹಾರಿಸಿ ಪೊಲೀಸರ ಕೈಗೆ ಸಿಕ್ಕಿಬಿದ್ದ. ಅವನನ್ನು ಕಪ್ಪು ಹುಡುಗರ ಸುಧಾರಣಾ ಶಾಲೆಗೆ ಹಾಕಿದರು. ಅಲ್ಲಿ ಪೀಟರ್ ಡೇವಿಸ್ ಎಂಬ ಮೇಷ್ಟ್ರು ಬ್ಯಾಂಡ್ ನಡೆಸುತ್ತಿದ್ದರು. ಮೊದಲು ಹುಡುಗನ ಕೈಗೆ ಟ್ಯಾಂಬರಿನ್ ಕೊಟ್ಟರು. ಆಮೇಲೆ ಒಂದೊಂದೇ ವಾದ್ಯ ದಾಟಿಸಿ ಟ್ರಂಪೆಟ್ ಹೋಲುವ ಕಾರ್ನೆಟ್ ಕೊಟ್ಟರು, ಕೊನೆಗೆ ಬ್ಯಾಂಡಿನ ಮುಂದಾಳು ಮಾಡಿದರು. ಆ ಹುಡುಗನೇ ಮುಂದೆ ಜಾಝ್‌ನ ದೊಡ್ಡ ಹೆಸರಾದ ಲೂಯಿ ಆರ್ಮ್‌ಸ್ಟ್ರಾಂಗ್.

ಷಿಕಾಗೊದ ಡುಸಾಬಲ್ ಹೈಸ್ಕೂಲಿನ ವಾಲ್ಟರ್ ಡಯೆಟ್ ಅವರ ಹೆಸರು ಇನ್ನೂ ದೊಡ್ಡದು. ಎಲ್ಲರೂ ಕ್ಯಾಪ್ಟನ್ ಡಯೆಟ್ ಅಂತಲೇ ಕರೆಯುತ್ತಿದ್ದರು. ಶಿಸ್ತು ಅಂದರೆ ಶಿಸ್ತು. ಇಡೀ ಬ್ಯಾಂಡ್ ಒಟ್ಟಿಗೆ ಊದುವಾಗ ಒಬ್ಬ ತಪ್ಪಿದರೂ ಯಾರು ಅಂತ ಅವರಿಗೆ ಗೊತ್ತಾಗುತ್ತಿತ್ತಂತೆ. ಜಾನಿ ಗ್ರಿಫಿನ್ ಟೆನರ್ ಸ್ಯಾಕ್ಸೊಫೋನ್ ಬೇಕು ಅಂತ ಹೋದಾಗ ಮೊದಲು ಕ್ಲಾರಿನೆಟ್ ಹಿಡಿಸಿದರು. ನ್ಯಾಟ್ ಕಿಂಗ್ ಕೋಲ್, ಡೈನಾ ವಾಷಿಂಗ್ಟನ್, ಜೀನ್ ಆಮನ್ಸ್ ಅಂತ ಮುಂದೆ ದೊಡ್ಡ ಹೆಸರು ಮಾಡಿದವರೆಲ್ಲರೂ ಅವರ ಕೈಕೆಳಗೆ ಪಳಗಿದವರೇ. ಡುಸಾಬಲ್ ಸಾಮಾನ್ಯ ಸರ್ಕಾರಿ ಶಾಲೆ. ಫೀಸು ಕಟ್ಟಿ ಕಲಿಯುವ ಅಕಾಡೆಮಿಯಲ್ಲ.

ನಿಮ್ಮ ಸಿಯಾಟಲ್‌ನಲ್ಲೇ ಗಾರ್‌ಫೀಲ್ಡ್ ಹೈಸ್ಕೂಲ್ ಇದೆಯಲ್ಲ, ಅದು ಹೆಸರಾಂತ ಸಂಗೀತಗಾರ ಕ್ವಿನ್ಸಿ ಜೋನ್ಸ್ ಓದಿದ ಶಾಲೆ. ಆತನೂ ಹುಡುಗನಾಗಿದ್ದಾಗ ಟ್ರಾಂಬೋನ್ ಊದಿದವನೇ. ಮೆರವಣಿಗೆಯ ಬ್ಯಾಂಡಿನಲ್ಲಿ ಟ್ರಾಂಬೋನ್‌ನವರು ಮುಂದೆ, ಕೋಲು ತಿರುಗಿಸುವ ಹುಡುಗಿಯರ ಹಿಂದೆಯೇ ನಡೆಯುತ್ತಾರೆ, ಅದಕ್ಕೇ ಆರಿಸಿಕೊಂಡೆ ಅಂತ ತಾನೇ ಹೇಳಿಕೊಂಡಿದ್ದ. 1971ರಲ್ಲಿ ಕ್ಲಾರೆನ್ಸ್ ಏಕಾಕ್ಸ್ ಅದೇ ಶಾಲೆಗೆ ಬ್ಯಾಂಡ್ ಮೇಷ್ಟ್ರಾಗಿ ಬಂದರು, 2019ರವರೆಗೆ ಇದ್ದರು. ಅವರು ಕಟ್ಟಿದ ಜಾಝ್ ಬ್ಯಾಂಡನ್ನು ದೇಶವೇ ತಿರುಗಿ ನೋಡಿತು.

ಕಾಲೇಜುಗಳು ಮಾತ್ರ ತಡವಾಗಿ ಎದ್ದವು. ಟೆಕ್ಸಸ್‌ನ ಡೆಂಟನ್ ಊರಿನ ಕಾಲೇಜಿನಲ್ಲಿ 1947ರಲ್ಲಿ ಜಾಝ್ ಪದವಿ ಶುರುವಾದಾಗ ‘ಜಾಝ್’ ಅಂತ ಹೆಸರಿಡಲು ಹಿಂಜರಿದು ‘ಡಾನ್ಸ್ ಬ್ಯಾಂಡ್’ ಅಂದರು. ಮರ್ಯಾದಸ್ಥರ ಸಂಗೀತ ಅಲ್ಲ ಅನ್ನುವ ಅಂಜಿಕೆ. ನಿಮ್ಮ ಪತ್ರದಲ್ಲೂ ಅದರ ವಾಸನೆ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಇನ್ನು ಬೆಳಗ್ಗೆ ಏಳಕ್ಕೆ ಅಲ್ಲಿ ಏನು ನಡೆಯುತ್ತೆ ಅನ್ನುವುದು. ಒಂದು ದಿನ ಮೇಷ್ಟ್ರ ಒಪ್ಪಿಗೆ ಕೇಳಿ ಹಿಂದಿನ ಕುರ್ಚಿಯಲ್ಲಿ ಕೂತು ನೋಡಿ. ಬಿಗ್ ಬ್ಯಾಂಡ್ ಅಂದರೆ ಸುಮಾರು ಹದಿನೇಳು ಹದಿನೆಂಟು ಜನ. ಮುಂದಿನ ಸಾಲಿನಲ್ಲಿ ಐದು ಸ್ಯಾಕ್ಸೊಫೋನ್, ಅದರ ಹಿಂದೆ ಟ್ರಾಂಬೋನ್, ಅದರ ಹಿಂದೆ ಟ್ರಂಪೆಟ್, ಪಕ್ಕದಲ್ಲಿ ಪಿಯಾನೊ, ಗಿಟಾರ್, ಬೇಸ್, ಡ್ರಮ್ಸ್. ಒಂದೊಂದು ಸಾಲಿಗೂ ಒಬ್ಬ ಲೀಡ್. ಅವನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೋ ಉಳಿದವರೂ ಅಲ್ಲೇ. ಅವನು ಸ್ವರವನ್ನು ಎಲ್ಲಿ ಕತ್ತರಿಸುತ್ತಾನೋ ಇವರೂ ಅಲ್ಲೇ. ಹೊಸದಾಗಿ ಸೇರಿದ ನಿಮ್ಮ ಮಗಳು ಮೂರನೆಯದೋ ನಾಲ್ಕನೆಯದೋ ಕುರ್ಚಿಯಲ್ಲಿರಬೇಕು. ಅವಳ ನಿಜವಾದ ಗುರು ಮುಂದೆ ನಿಂತ ಮೇಷ್ಟ್ರಲ್ಲ, ಪಕ್ಕದಲ್ಲಿ ಕೂತ ಅವಳಿಗಿಂತ ಎರಡು ವರ್ಷ ದೊಡ್ಡ ಹುಡುಗನೋ ಹುಡುಗಿಯೋ.

ಈ ಮಾತನ್ನು ಒತ್ತಿ ಹೇಳುತ್ತೇನೆ. ಮಕ್ಕಳು ಜಾಝ್ ಕಲಿಯುವುದು ಬ್ಯಾಂಡಿನೊಳಗೆ ಕೂತು. ಒಬ್ಬರೇ ಪಾಠ ಹೇಳಿಸಿಕೊಂಡು ಬೆರಳು ಚುರುಕು ಮಾಡಿಕೊಳ್ಳಬಹುದು. ಆದರೆ ಪಕ್ಕದವರನ್ನು ಕೇಳುತ್ತಾ ನುಡಿಸುವುದು ಬರಲ್ಲ. ಬೆಂಗಳೂರಿನಲ್ಲಿ ಕೀಬೋರ್ಡು, ಗಿಟಾರು ಕಲಿಯುವ ಎಷ್ಟೋ ಮಕ್ಕಳು ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆಯ ಗ್ರೇಡುಗಳನ್ನು ಒಂದಾದ ಮೇಲೊಂದು ಪಾಸು ಮಾಡುತ್ತಾರೆ. ಸರ್ಟಿಫಿಕೇಟು ಗೋಡೆ ತುಂಬುತ್ತೆ. ಇನ್ನೊಬ್ಬರ ಜೊತೆ ಕೂತು ನುಡಿಸು ಅಂದರೆ ತಬ್ಬಿಬ್ಬು. ನಿಮ್ಮ ಮಗಳಿಗೆ ಜೊತೆಗೆ ಕೂತು ನುಡಿಸುವ ಭಾಗ್ಯ ಮನೆ ಹತ್ತಿರದ ಸ್ಕೂಲಲ್ಲೇ ಸಿಕ್ಕಿದೆ.

‘ಮೇಷ್ಟ್ರು ಹಾಳೆ ನೋಡಬೇಡಿ, ಹಾಡಿ ಅಂತಾರಂತೆ, ಇದೆಂಥ ಪಾಠ’ ಅಂತಲೂ ಕೇಳಿದ್ದೀರಿ. ಒಳ್ಳೆಯ ಮೇಷ್ಟ್ರು ಸಿಕ್ಕಿದ್ದಾರೆ ತಾಯಿ. ಸ್ವಿಂಗ್ ಅನ್ನುವ ಜಾಝ್‌ನ ತೂಗುವ ಲಯವನ್ನು ಹಾಳೆಯ ಮೇಲೆ ಪೂರ್ತಿ ಬರೆಯಲು ಆಗುವುದಿಲ್ಲ. ಸ್ವರಗಳು ಸಮಸಮವಾಗಿ ಬರೆದಿರುತ್ತವೆ. ನುಡಿಸುವಾಗ ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಎಷ್ಟು ಉದ್ದ ಅನ್ನುವುದು ವೇಗದ ಜೊತೆ ಬದಲಾಗುತ್ತೆ. ಬಾಯಲ್ಲಿ ಬಾರದಿದ್ದರೆ ವಾದ್ಯದಲ್ಲಿ ಬರಲ್ಲ. ಇದು ಏಳು ವರ್ಷ ಗುರುಗಳ ಎದುರು ಕೂತು ಹಾಡಿದ ಹುಡುಗಿಗೆ ಹೊಸದೇ?

ಸೋಲೋ ಬಂದಾಗ ಹಾಳೆಯಲ್ಲಿ ಸ್ವರವೇ ಇರುವುದಿಲ್ಲ. ಬರೀ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನ, ಹೆಸರುಗಳಿರುತ್ತವೆ. ಹನ್ನೆರಡು ಬಾರಿನ (ಬಾರ್ ಅಂದರೆ ತಾಳದ ಒಂದು ಸುತ್ತು) ಬ್ಲೂಸ್ ಅನ್ನುವ ಹಾಡಿನ ಅಚ್ಚು ಅಂತಿಟ್ಟುಕೊಳ್ಳಿ. ಮಗು ಅದನ್ನು ತಾನೇ ತುಂಬಬೇಕು. ಕಲ್ಪನಾಸ್ವರ ಹಾಕಲು ಶುರು ಮಾಡಿರುವ ಮಕ್ಕಳಿಗೆ ಇದರ ಧೈರ್ಯ ಬೇಗ ಬರುತ್ತೆ. ಆದರೆ ಒಂದು ಕಡೆ ಎಡವುತ್ತಾರೆ. ನಮ್ಮಲ್ಲಿ ತಂಬೂರಿ ಮೊದಲಿಂದ ಕೊನೆಯವರೆಗೆ ಅದೇ ಸ-ಪ ಹಿಡಿದಿರುತ್ತೆ. ಬ್ಲೂಸ್‌ನಲ್ಲಿ ಕಾಲ ಕೆಳಗಿನ ನೆಲವೇ ಸರಿಯುತ್ತೆ. ಮೊದಲ ನಾಲ್ಕು ಬಾರಿನಲ್ಲಿ ಅಂತರ ಗಾಂಧಾರ ಹಾಯಾಗಿ ಕೂರುತ್ತೆ. ಐದನೇ ಬಾರಿಗೆ ಕಾರ್ಡ್ ಮಧ್ಯಮಕ್ಕೆ ಹೋದ ತಕ್ಷಣ ಅದೇ ಗಾಂಧಾರ ಗೀರುತ್ತೆ, ಅರ್ಧ ಸ್ವರ ಕೆಳಗಿನ ಸಾಧಾರಣ ಗಾಂಧಾರ ಹಿಡಿದರೆ ಸರಿಹೋಗುತ್ತೆ. ಈ ಮಾತನ್ನು ಮಗಳಿಗೆ ಹೇಳಿ ನೋಡಿ. ಸ್ಕೂಲಿನಲ್ಲಿ ಬೇರೆ ಯಾರಿಗೂ ಅರ್ಥವಾಗದ ಭಾಷೆಯಲ್ಲಿ ಅವಳಿಗೆ ಥಟ್ಟನೆ ಅರ್ಥವಾಗುತ್ತೆ.

ವಾದ್ಯದ ವಿಷಯ. ಟ್ರಾಂಬೋನ್‌ನಲ್ಲಿ ಒತ್ತುವ ಗುಂಡಿಗಳಿಲ್ಲ. ಉದ್ದನೆಯ ಸ್ಲೈಡಿನಲ್ಲಿ ಏಳು ಜಾಗ, ಒಂದೊಂದು ಜಾಗಕ್ಕೂ ಅರ್ಧ ಸ್ವರ ಇಳಿಯುತ್ತೆ. ಆದರೆ ಸ್ಲೈಡಿನ ಮೇಲೆ ಗೆರೆಯೇ ಇಲ್ಲ! ಮೂರನೆಯದು ವಾದ್ಯದ ಅಗಲವಾದ ಬಾಯಿಗಿಂತ ತುಸು ಹಿಂದೆ, ನಾಲ್ಕನೆಯದು ತುಸು ಮುಂದೆ ಅಂತ ಗುರುತು ಹೇಳಿಕೊಡುತ್ತಾರೆ ಅಷ್ಟೇ. ಉಳಿದದ್ದು ಕಿವಿ. ಗುಂಡಿ ಒತ್ತಿದರೆ ಸ್ವರ ಬರುವ ವಾದ್ಯಗಳ ನಡುವೆ ಶ್ರುತಿ ಬಲ್ಲ ಹುಡುಗಿ ಇದನ್ನೇ ಆರಿಸಿಕೊಂಡದ್ದು ನನಗಂತೂ ಆಶ್ಚರ್ಯವಿಲ್ಲ. ಜಾರು ಗಮಕ ಗೊತ್ತಿರುವವಳಿಗೆ ಇದು ಹೇಳಿ ಮಾಡಿಸಿದ ವಾದ್ಯ.

‘ಹುಡುಗಿಗೆ ಯಾಕೆ’ ಅಂದಿದ್ದಕ್ಕೆ ಇಬ್ಬರ ಹೆಸರು ಕೊಡುತ್ತೇನೆ. ಒಬ್ಬರು ಮೆಲ್ಬಾ ಲಿಸ್ಟನ್. ಲಾಸ್ ಏಂಜಲೀಸ್‌ನಲ್ಲಿ ಆಲ್ಮಾ ಹೈಟವರ್ ಎಂಬ ಟೀಚರ್ ನಡೆಸುತ್ತಿದ್ದ ಮಕ್ಕಳ ಬ್ಯಾಂಡಿನಲ್ಲಿ ಕಲಿತು, ಮುಂದೆ ಹೆಸರಾಂತ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ ಬ್ಯಾಂಡಿನಲ್ಲಿ ಗಂಡಸರ ನಡುವೆ ಕೂತು ಊದಿದವರು, ಆ ಬ್ಯಾಂಡಿಗೆ ಸಂಗೀತ ಬರೆದುಕೊಟ್ಟವರು. ಇನ್ನೊಬ್ಬಳು ಈ ಕಾಲದ ರೀಟಾ ಪಾಯೆಸ್. ಬಾರ್ಸಿಲೋನಾದಲ್ಲಿ ಜೋಆನ್ ಚಮೊರೊ 2006ರಲ್ಲಿ ಶುರು ಮಾಡಿದ ಸಾಂತ್ ಆಂದ್ರೇವು ಜಾಝ್ ಬ್ಯಾಂಡ್ ಅಂತ ಮಕ್ಕಳ ತಂಡ ಇದೆ. ಏಳೆಂಟು ವರ್ಷದವರಿಂದ ಹಿಡಿದು ಹತ್ತೊಂಬತ್ತು ಇಪ್ಪತ್ತರವರೆಗೆ ಎಲ್ಲರೂ ಒಂದೇ ವೇದಿಕೆಯಲ್ಲಿ. ಹಳೆಯ ರೆಕಾರ್ಡು ಕೇಳಿ ಕೇಳಿ ಕಲಿಯುತ್ತಾರೆ. ರೀಟಾ ಅಲ್ಲಿ ಬೆಳೆದವಳು, ಹಾಡುತ್ತಾಳೆ, ಟ್ರಾಂಬೋನೂ ಊದುತ್ತಾಳೆ. ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ. ತಾಯಿ ಮಗಳು ಒಟ್ಟಿಗೆ ಕೂತು ನೋಡಿ.

ಸ್ಪರ್ಧೆ ಬಗ್ಗೆ ನಿಮ್ಮ ಕಿರಿಕಿರಿ ಅರ್ಧ ಸರಿ. ನ್ಯೂಯಾರ್ಕಿನ ಜಾಝ್ ಅಟ್ ಲಿಂಕನ್ ಸೆಂಟರ್ ಸಂಸ್ಥೆ 1996ರಿಂದ ‘ಎಸೆನ್ಷಿಯಲಿ ಎಲಿಂಗ್ಟನ್’ ಅಂತ ಹೈಸ್ಕೂಲ್ ಬ್ಯಾಂಡುಗಳ ಸ್ಪರ್ಧೆ ನಡೆಸುತ್ತಿದೆ. ಟ್ರಂಪೆಟ್ ವಾದಕ ವಿಂಟನ್ ಮಾರ್ಸಲಿಸ್ ಅದರ ಮುಂದಾಳು. ಸಿಯಾಟಲ್‌ನ ಗಾರ್‌ಫೀಲ್ಡ್, ರೂಸ್‌ವೆಲ್ಟ್ ಎರಡೂ ಶಾಲೆಗಳು ಅದನ್ನು ಒಂದಕ್ಕಿಂತ ಹೆಚ್ಚು ಸಲ ಗೆದ್ದಿವೆ. ಬಹುಮಾನಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಬೇರೆ. ಬಿಗ್ ಬ್ಯಾಂಡ್ ಸಂಗೀತದ ದೊಡ್ಡ ರಚನಕಾರ ಡ್ಯೂಕ್ ಎಲಿಂಗ್ಟನ್ ಅವರ ಬ್ಯಾಂಡಿನ ರೆಕಾರ್ಡುಗಳನ್ನು ಕೇಳಿ, ಒಂದೊಂದು ವಾದ್ಯದ ಸ್ವರವನ್ನೂ ಬರೆದು, ಆ ಹಾಳೆಗಳನ್ನು ಶಾಲೆಗಳಿಗೆ ಪುಕ್ಕಟೆ ಕಳಿಸುತ್ತಾರೆ. ಅದಕ್ಕೆ ಮುಂಚೆ ಶಾಲೆಯ ಮಕ್ಕಳಿಗೆ ಎಲಿಂಗ್ಟನ್ ಸಿಗುತ್ತಿದ್ದದ್ದು ಹೆಚ್ಚಾಗಿ ಸರಳ ಮಾಡಿ ನೀರು ಬೆರೆಸಿದ ರೂಪದಲ್ಲಿ.

ನಿಮ್ಮ ಕಿರಿಕಿರಿಯಲ್ಲಿ ಸರಿಯಾದ ಅರ್ಧ ದುಡ್ಡಿನ ಮಾತು. ಪ್ರತ್ಯೇಕ ಪಾಠ ಹೇಳಿಸಿ, ಒಳ್ಳೆಯ ವಾದ್ಯ ಕೊಡಿಸಿ, ಪ್ರಯಾಣಕ್ಕೆ ಚಂದಾ ಎತ್ತುವ ಅಪ್ಪ ಅಮ್ಮಂದಿರು ಇರುವ ಶಾಲೆ ಮುಂದೆ ಹೋಗುತ್ತೆ. ಕಪ್ಪು ಜನ ಕಟ್ಟಿದ ಸಂಗೀತ, ಸ್ಪರ್ಧೆಯ ಸಾಲುಗಳಲ್ಲಿ ಅವರ ಮಕ್ಕಳೇ ಕಡಿಮೆ ಕಾಣುತ್ತಾರೆ ಅಂದರೆ ಎಲ್ಲೋ ಎಡವಟ್ಟಾಗಿದೆ ಅಲ್ವಾ? ಲಂಡನ್ನಿನಲ್ಲಿ ಗ್ಯಾರಿ ಕ್ರಾಸ್ಬಿ ಮತ್ತು ಜನೀನ್ ಐರನ್ಸ್ 1991ರಲ್ಲಿ ಟುಮಾರೋಸ್ ವಾರಿಯರ್ಸ್ ಅನ್ನುವ ಜಾಝ್ ಕಲಿಸುವ ಸಂಸ್ಥೆ ಶುರು ಮಾಡಿದ್ದು ಇದೇ ಕೊರತೆ ನೋಡಿ. ಫೀಸಿಲ್ಲ. ಕಪ್ಪು ಮಕ್ಕಳಿಗೆ, ಹುಡುಗಿಯರಿಗೆ ಮೊದಲ ಜಾಗ. ಅಲ್ಲಿ ಪರಿಚಯವಾದ ಹುಡುಗರು ಕಟ್ಟಿಕೊಂಡ ಎಜ್ರಾ ಕಲೆಕ್ಟಿವ್ ತಂಡ 2023ರಲ್ಲಿ ಬ್ರಿಟನ್ನಿನ ಮರ್ಕ್ಯುರಿ ಸಂಗೀತ ಪ್ರಶಸ್ತಿ ಗೆದ್ದಿತು. ಜಾಝ್ ತಂಡವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ನಿಮ್ಮ ಮಗಳ ಶಾಲೆಯವರು ಚಂದಾ ಕೇಳಲು ಬಂದಾಗ, ವಾದ್ಯ ಕೊಳ್ಳಲಾಗದ ಮಕ್ಕಳಿಗೆ ಏನು ಮಾಡಿದ್ದೀರಿ ಅಂತ ಒಂದು ಮಾತು ಕೇಳಿ.

ಎರಡೂ ಸೇರಿ ಎರಡೂ ಕೆಡುತ್ತಾ? ನಮ್ಮ ಕದ್ರಿ ಗೋಪಾಲನಾಥ್ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದವರು. ಆ ವಿದೇಶಿ ವಾದ್ಯದಲ್ಲಿ ಗಮಕ ಬರಿಸಿದರು. ಅತ್ತ ಅಮೆರಿಕದಲ್ಲಿ ಕನ್ನಡದ ಮನೆಯಲ್ಲಿ ಬೆಳೆದ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪ ಬಾಸ್ಟನ್ನಿನ ಬರ್ಕ್ಲಿ ಕಾಲೇಜಿನಲ್ಲಿ ಜಾಝ್ ಓದುತ್ತಿದ್ದಾಗ ಅಣ್ಣ ತಮಾಷೆಗೆಂದು ಕದ್ರಿಯವರ ರೆಕಾರ್ಡು ಕೊಟ್ಟ. ತಮಾಷೆ ಅಲ್ಲೇ ಮುಗಿಯಿತು. ಇಬ್ಬರೂ ಕೂಡಿ ನುಡಿಸಿದ ‘ಕಿನ್ಸ್‌ಮೆನ್’ ಆಲ್ಬಮ್ 2008ರಲ್ಲಿ ಬಂತು. ಮಹಂತಪ್ಪ ಆಮೇಲೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ವಿಭಾಗದ ನಿರ್ದೇಶಕರಾದರು. ಎರಡೂ ಕಡೆಯವರು ತಮ್ಮ ತಮ್ಮದನ್ನು ಗಟ್ಟಿಯಾಗಿ ಕಲಿತಿದ್ದರು, ಅದಕ್ಕೇ ಕೂಡಿದಾಗ ಕೆಡಲಿಲ್ಲ. ಹಾಗಾಗಿ ಪಾಠ ಸಡಿಲ ಬಿಡಬೇಡಿ. ಗುರುಗಳ ಹತ್ತಿರ ಮುಚ್ಚಿಡದೆ ಹೇಳಿ, ಸ್ಪರ್ಧೆಯ ತಿಂಗಳುಗಳಲ್ಲಿ ಪಾಠವನ್ನು ಭಾನುವಾರಕ್ಕೋ ವಾರದ ನಡುವಿನ ಸಂಜೆಗೋ ಹಾಕಿಸಿಕೊಳ್ಳಿ. ಬೆಳಗ್ಗೆ ಏಳಕ್ಕೆ ಬ್ಯಾಂಡ್ ಅಂದರೆ ರಾತ್ರಿ ಒಂಬತ್ತೂವರೆಗೆ ಫೋನು ಕಿತ್ತಿಟ್ಟು ಮಲಗಿಸಬೇಕು. ಅದು ನನ್ನಿಂದಾಗದ ಕೆಲಸ, ನಿಮ್ಮದೇ.

ಟ್ರಾಂಬೋನ್ ಸದ್ಯಕ್ಕೆ ಕೊಳ್ಳಬೇಡಿ, ತಿಂಗಳ ಬಾಡಿಗೆಗೆ ಸಿಗುತ್ತೆ, ಕೆಲವು ಶಾಲೆಗಳೇ ಕೊಡುತ್ತವೆ. ಟ್ರಾಂಬೋನ್ ವಾದಕ ಜೆ. ಜೆ. ಜಾನ್ಸನ್ ರೆಕಾರ್ಡುಗಳನ್ನು ಮನೆಯಲ್ಲಿ ಹಾಕಿ. ಎಲಿಂಗ್ಟನ್ ಬ್ಯಾಂಡಿನ ಟ್ರಿಕಿ ಸ್ಯಾಮ್ ನ್ಯಾಂಟನ್ ಅವರದ್ದನ್ನೂ ಕೇಳಿಸಿ. ಅವರು ವಾದ್ಯದ ಬಾಯಿಗೆ ರಬ್ಬರ್ ಬಟ್ಟಲು ಹಿಡಿದು ಮನುಷ್ಯ ಮಾತಾಡಿದ ಹಾಗೆ, ಗೊಣಗಿದ ಹಾಗೆ ಊದುತ್ತಿದ್ದರು. ಆ ಬಟ್ಟಲು ಬೇರೇನಲ್ಲ, ಸಿಂಕ್ ಕಟ್ಟಿಕೊಂಡಾಗ ಒತ್ತುತ್ತಾರಲ್ಲ, ಅದರದ್ದೇ ರಬ್ಬರು, ಕೋಲು ತೆಗೆದದ್ದು. ಇವತ್ತಿಗೂ ಟ್ರಾಂಬೋನ್‌ನವರು ಹಾರ್ಡ್‌ವೇರ್ ಅಂಗಡಿಯಿಂದಲೇ ತರುತ್ತಾರೆ. ಮಗಳು ಇನ್ನು ಸ್ವಲ್ಪ ದಿನದಲ್ಲಿ ಕೇಳಿಯೇ ಕೇಳುತ್ತಾಳೆ. ಬಚ್ಚಲಲ್ಲಿರುವುದಕ್ಕೆ ಕೈ ಹಾಕುವ ಮುಂಚೆ ಹೊಸದೊಂದು ತಂದುಕೊಡಿ.

– ಸಂಪಾದಕ